ಹೊಳ್ಳಿ ಬರುವ ಹೊತ್ತು

ಪುಣೆಗೆ ಬಂದು ನೆಲೆಸಿದ ಕನ್ನಡಿಗರನ್ನು ಈ ಊರು ಒಂದಲ್ಲ ಒಂದು ದಿನ ಬೆಟ್ಟ ಹತ್ತಿಸದೆ ಬಿಡುವುದಿಲ್ಲ. ಧಾರವಾಡದಲ್ಲಿದ್ದಾಗ ಸಣ್ಣ ದಿಬ್ಬ ಏರಿದರೂ ಏದುಸಿರು ಬಿಡುತ್ತಿದ್ದ ನಾನು, ಕೊಥ್ರೂಡಿಗೆ ಬಂದ ಮೇಲೆ ನೆರೆಹೊರೆಯ ಹೆಂಗಸರ ಜೊತೆ ಭಾನುವಾರ ಬೆಳಿಗ್ಗೆ ಐದಕ್ಕೆ ಎದ್ದು ಸಿಂಹಗಡ ಹತ್ತುವುದನ್ನು ಕಲಿತೆ. ಮೇಲೆ ಪಿಠಲ-ಭಾಕರಿ, ಮಡಕೆಯ ಮೊಸರು; ಹತ್ತೂವರೆಗೆಲ್ಲ ಮನೆ. ಹಾಗಾಗಿ ಗ್ಲಾಸ್ಗೋದಲ್ಲಿರುವ ಮಗಳು ಫೋನಿನಲ್ಲಿ “ಅಮ್ಮಾ, ಈ ಸಲ ಬಂದಾಗ ನಾವಿಬ್ಬರೂ ಒಂದು ಬೆಟ್ಟ ಹತ್ತೋಣ” ಅಂದಾಗ ಯಾವ ಬೆಟ್ಟ ಎಂದೂ ಕೇಳದೆ ಹೂಂ ಅಂದುಬಿಟ್ಟೆ.

ಪಕ್ಕದಲ್ಲಿ ಪೇಪರ್ ಓದುತ್ತಿದ್ದ ನಮ್ಮ ಮನೆಯವರು ತಲೆ ಎತ್ತಿದರು. ಇವರು ಮೂವತ್ತೈದು ವರ್ಷ ರೈಲ್ವೆಯಲ್ಲಿ ದುಡಿದವರು, ಅದರಲ್ಲಿ ಹೆಚ್ಚಿನ ವರ್ಷ ಕಂಟ್ರೋಲ್ ಆಫೀಸಿನಲ್ಲಿ. ಬೇಡ ಅನ್ನಲಿಲ್ಲ. ಇಷ್ಟೇ ಹೇಳಿದರು: “ಹೋಗೋದು ಎಷ್ಟೊತ್ತಿಗಿ ಅನ್ನೋದು ಆಮ್ಯಾಲೆ. ಹೊಳ್ಳಿ ಬರೋದು ಎಷ್ಟೊತ್ತಿಗಿ, ಅದನ್ನ ಮೊದಲ ಬರಿ.”

ಆ ಮಾತಿಗೆ ಕಾರಣ ಇತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಮಗಳು ಆರಿಸಿದ್ದು ಎಲ್ಲರೂ ಹೋಗುವ ಬೆನ್ ನೆವಿಸ್ ಅಲ್ಲ. ಬೆನ್ ನ ಲಾಪ್ ಅಂತ ಅದರ ಹೆಸರು, ಎತ್ತರ 935 ಮೀಟರ್. ಸ್ಕಾಟ್ಲೆಂಡಿನಲ್ಲಿ 3000 ಅಡಿ, ಅಂದರೆ 914 ಮೀಟರು ಮೀರಿದ ಬೆಟ್ಟಗಳಿಗೆ ‘ಮನ್ರೋ’ ಎನ್ನುತ್ತಾರೆ. ಮಂತ್ರಾಲಯದ ಕಥೆಯಲ್ಲಿ ಬರುವ, ಬಳ್ಳಾರಿ ಸೀಮೆಯವರೆಲ್ಲ ಬಲ್ಲ ಥಾಮಸ್ ಮನ್ರೋ ಅಲ್ಲ ಇದು. ಅವನೂ ಗ್ಲಾಸ್ಗೋದವನೇ, ಆದರೆ ಈ ಬೆಟ್ಟಗಳ ಪಟ್ಟಿಯನ್ನು 1891ರಲ್ಲಿ ಪ್ರಕಟಿಸಿದವರು ಸರ್ ಹ್ಯೂ ಮನ್ರೋ. ಈಗಿನ ಪಟ್ಟಿಯಲ್ಲಿ 282 ಬೆಟ್ಟಗಳಿವೆ. ಅವನ್ನೆಲ್ಲ ಒಂದೊಂದಾಗಿ ಹತ್ತಿ ಮುಗಿಸುವುದು ಅಲ್ಲಿ ಸಾವಿರಾರು ಜನರ ಹುಚ್ಚು.

ಎತ್ತರ ಕೇಳಿ ನಾನು ನಕ್ಕೆ. ಸಿಂಹಗಡವೇ 1300 ಮೀಟರು ದಾಟುತ್ತದೆ. ನಮ್ಮ ಮುಳ್ಳಯ್ಯನಗಿರಿಯ ಅರ್ಧದಷ್ಟೂ ಇಲ್ಲ ಇದು! ಆದರೆ ಮಗಳು ನಕ್ಷೆ ತೆರೆದು ತೋರಿಸಿದ ಮೇಲೆ ನಗು ನಿಂತಿತು. ಆ ಬೆಟ್ಟದ ಬುಡಕ್ಕೆ ಸಾರ್ವಜನಿಕ ರಸ್ತೆಯೇ ಇಲ್ಲ. ಇರುವುದು ಕೊರೌರ್ ಎಂಬ ಒಂದು ರೈಲ್ವೆ ಸ್ಟೇಷನ್. ಬ್ರಿಟನ್ನಿನ ಮುಖ್ಯ ರೈಲು ಮಾರ್ಗಗಳಲ್ಲೇ ಅತಿ ಎತ್ತರದ್ದು, 408 ಮೀಟರ್. ಅಲ್ಲಿಂದ ಹತ್ತಿರದ ಸಾರ್ವಜನಿಕ ರಸ್ತೆಗೆ ಸುಮಾರು 16 ಕಿಲೋಮೀಟರ್. ಸುತ್ತ ರಾನಖ್ ಮೂರ್ ಎಂಬ ಬಯಲು: ಕೆಸರು, ನೀರು, ಹುಲ್ಲು, ಕಲ್ಲು. ಊರಿಲ್ಲ, ಮೊಬೈಲ್ ಸಿಗ್ನಲ್ ನೆಚ್ಚುವಂತಿಲ್ಲ. ದಿನಕ್ಕೆ ಬೆರಳೆಣಿಕೆಯ ರೈಲು ನಿಲ್ಲುತ್ತವೆ, ಭಾನುವಾರ ಇನ್ನೂ ಕಡಿಮೆ.

“ರೈಲು” ಎಂಬ ಶಬ್ದ ಕೇಳಿದ್ದೇ ತಡ, ಇವರು ಪೇಪರ್ ಮಡಚಿಟ್ಟು ನಮ್ಮ ಪಕ್ಕ ಬಂದು ಕೂತರು. ಅಲ್ಲಿಂದ ಮುಂದೆ ಯೋಜನೆ ಇವರ ಕೈಗೆ ಹೋಯಿತು.

ಮೊದಲು ತಿಂಗಳು. ಡಿಸೆಂಬರಿನಲ್ಲಿ ಅಲ್ಲಿ ಮಧ್ಯಾಹ್ನ ನಾಲ್ಕರೊಳಗೆ ಸೂರ್ಯ ಮುಳುಗುತ್ತಾನೆ, ಬೆಟ್ಟದ ಮೇಲೆ ಹಿಮ. ಜೂನಿನಿಂದ ಆಗಸ್ಟ್‌ವರೆಗೆ ‘ಮಿಜ್’ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕಚ್ಚುವ ನೊಣಗಳ ದಂಡು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಜಿಂಕೆ ಬೇಟೆಯ ಕಾಲ. 2003ರ ಭೂ ಸುಧಾರಣಾ ಕಾಯ್ದೆಯ ಪ್ರಕಾರ ಸ್ಕಾಟ್ಲೆಂಡಿನಲ್ಲಿ ಯಾರ ಗುಡ್ಡದ ಮೇಲಾದರೂ ಜವಾಬ್ದಾರಿಯಿಂದ ನಡೆದಾಡುವ ಹಕ್ಕು ಎಲ್ಲರಿಗೂ ಇದೆ. ಆದರೆ ಬೇಟೆಯ ದಿನಗಳಲ್ಲಿ ಆಯಾ ಎಸ್ಟೇಟಿನವರನ್ನು ವಿಚಾರಿಸಿಕೊಂಡು ಹೋಗುವುದು ರೂಢಿ. ಉಳಿದದ್ದು ಮೇ. ರಾತ್ರಿ ಒಂಬತ್ತು ದಾಟಿದರೂ ಬೆಳಕು, ನೊಣ ಕಡಿಮೆ. ಮೇ ನಡುವಿನ ಒಂದು ಬುಧವಾರ ಎಂದು ನಿಗದಿಯಾಯಿತು. ಇವರು ಅದರ ಪಕ್ಕದಲ್ಲೇ ಗುರುವಾರ ಎಂದೂ ಬರೆದರು. “ಬುಧವಾರ ಹವಾ ಸರಿ ಇಲ್ಲಂದ್ರ?” ಮಗಳು ಎರಡು ದಿನ ರಜೆ ಹಾಕಿದಳು.

ಆಮೇಲೆ ಹೊತ್ತು. ಗ್ಲಾಸ್ಗೋದಿಂದ ಬೆಳಿಗ್ಗೆ ಎಂಟು ದಾಟಿದ ಮೇಲೆ ಹೊರಡುವ ರೈಲು ಸುಮಾರು ಮೂರು ತಾಸಿನಲ್ಲಿ ಕೊರೌರ್ ಮುಟ್ಟುತ್ತದೆ. ಹೊಳ್ಳಿ ಬರುವ ರೈಲು ಸಂಜೆ ಆರೂವರೆಯ ಸುಮಾರಿಗೆ. ಅದು ತಪ್ಪಿದರೆ ಲಂಡನ್ನಿಗೆ ಹೋಗುವ ರಾತ್ರಿ ರೈಲೊಂದಿದೆ, ಶನಿವಾರ ಅದೂ ಇಲ್ಲ. (ಓದುಗರು ಹೋಗುವುದಾದರೆ ಆ ಸೀಸನ್ನಿನ ವೇಳಾಪಟ್ಟಿಯನ್ನೇ ನೋಡಿಕೊಳ್ಳಬೇಕು.) ಅಂದರೆ ನಮ್ಮ ಕೈಯಲ್ಲಿರುವುದು ಏಳು ತಾಸು.

ಏಳು ತಾಸು ಸಾಕೇ? ಇದಕ್ಕೆ ಅಲ್ಲಿನವರು ಇಂದಿಗೂ ಬಳಸುವ ಒಂದು ಲೆಕ್ಕವಿದೆ. ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಹಾಕಿಕೊಟ್ಟದ್ದು. ಮೂರು ಮೈಲಿ ನಡಿಗೆಗೆ ಒಂದು ತಾಸು, ಏರುವ ಪ್ರತಿ ಎರಡು ಸಾವಿರ ಅಡಿಗೆ ಇನ್ನೊಂದು ತಾಸು. ಈಗಿನ ಅಳತೆಯಲ್ಲಿ ಐದು ಕಿಲೋಮೀಟರಿಗೆ ಒಂದು ತಾಸು, ಆರುನೂರು ಮೀಟರು ಏರಿಗೆ ಒಂದು ತಾಸು ಎಂದಿಟ್ಟುಕೊಳ್ಳಬಹುದು. ನಮ್ಮ ದಾರಿ ಹೋಗಿ ಬರುವುದಕ್ಕೆ ಸುಮಾರು ಹತ್ತು ಕಿಲೋಮೀಟರ್, ಏರು ಸುಮಾರು 530 ಮೀಟರ್. ನಡಿಗೆಗೆ ಎರಡು ತಾಸು, ಏರಿಗೆ 53 ನಿಮಿಷ, ಒಟ್ಟು ಮೂರು ತಾಸಿಗೆ ಏಳು ನಿಮಿಷ ಕಡಿಮೆ.

“ಇದು ಇಪ್ಪತ್ತೈದು ವರ್ಷದ ಹುಡುಗರ ಲೆಕ್ಕ. ನಿನಗ ಐವತ್ತೆಂಟು. ಮ್ಯಾಲೆ ಕೆಸರು. ಒಂದೂವರೆಪಟ್ಟು ಮಾಡು” ಅಂದರು ಇವರು. ನಾಲ್ಕು ತಾಸು ಇಪ್ಪತ್ತು ನಿಮಿಷವಾಯಿತು. ಊಟಕ್ಕೆ, ಫೋಟೋಕ್ಕೆ ನಲವತ್ತು ನಿಮಿಷ ಸೇರಿಸಿ ಐದು ತಾಸು. 11:40ಕ್ಕೆ ಹೊರಟರೆ 16:40ಕ್ಕೆ ಸ್ಟೇಷನ್.

ಲೆಕ್ಕ ಮುಗಿಯಿತು ಅಂದುಕೊಂಡೆ. ಇವರು ಪೆನ್ನು ಕೆಳಗಿಡಲಿಲ್ಲ. “ಈಗ ಕೆಟ್ಟ ಲೆಕ್ಕ ಮಾಡೋಣ” ಅಂದರು. ತುದಿಯಲ್ಲಿ ಒಬ್ಬರ ಕಾಲು ಉಳುಕಿತು ಎಂದಿಟ್ಟುಕೊಳ್ಳಿ. ಸುಮ್ಮನೆ ಇಳಿಯಲು ಒಂದೂವರೆ ತಾಸು ಬೇಕಾದರೆ, ಕುಂಟುತ್ತ ಇಳಿಯಲು ಮೂರು ತಾಸು. ಆರೂವರೆಯ ರೈಲು ಸಿಗಬೇಕು, ಮುಕ್ಕಾಲು ತಾಸಾದರೂ ಕೈಯಲ್ಲಿ ಉಳಿಯಬೇಕು. ಹಿಂದಕ್ಕೆ ಎಣಿಸುತ್ತ ಬಂದು 14:45 ಎಂದು ಬರೆದು ಸುತ್ತ ಎರಡು ಗೆರೆ ಎಳೆದರು. ಎರಡೂಮುಕ್ಕಾಲಿಗೆ ನಾವು ಎಲ್ಲೇ ಇರಲಿ, ತುದಿ ನೂರು ಹೆಜ್ಜೆ ದೂರ ಕಾಣುತ್ತಿರಲಿ, ಹೊಳ್ಳಬೇಕು. ಇದನ್ನು ಬೆಟ್ಟದ ಮೇಲೆ ನಿಂತು ಯೋಚಿಸುವ ಹಾಗಿಲ್ಲ. ಮನೆಯಲ್ಲೇ, ಊಟದ ಟೇಬಲ್ಲಿನ ಮೇಲೇ ತೀರ್ಮಾನ.

ಆಗ ಹೇಳಲು ಉಳಿಸಿಕೊಂಡ ಮಾತನ್ನು ಈಗ ಹೇಳುತ್ತೇನೆ. 2018ರ ಜುಲೈನಲ್ಲಿ ನಾವು ಆರು ಜನ ರಾಜಗಡಕ್ಕೆ ಹೋಗಿದ್ದೆವು. ಗುಂಜವಣೆಯಿಂದ ಹೊರಡುವಾಗಲೇ ತಡವಾಗಿತ್ತು, ಮಳೆ ಜೋರಾಗಿತ್ತು. ಅರ್ಧ ದಾರಿಯಲ್ಲಿ ಇವರು “ಸಾಕು, ಹೊಳ್ಳೋಣ” ಅಂದರು. “ಸುಮ್ಮನ ಹೋಗಿ ನೋಡೋಣ ಬರ್ರಿ, ಆಗದಿದ್ರ ಹೊಳ್ಳಿ ಬರೋಣ” ಅಂದವಳು ನಾನು. ಹೋದೆವು, ನೋಡಿದೆವು. ಚೋರ ದರವಾಜಾದ ಕೆಳಗಿನ ಬಂಡೆಯಲ್ಲಿ ಇಳಿಯುವಾಗ ಕತ್ತಲಾಗಿತ್ತು. ಇವರು ಜಾರಿದರು. ಪಾದದ ಗಂಟು ಎರಡು ಕಡೆ ಮುರಿಯಿತು. ಊರಿನ ನಾಲ್ವರು ಹುಡುಗರು ಬ್ಯಾಟರಿ ಹಿಡಿದು ಮೇಲೆ ಬಂದು, ಕಂಬಳಿಯ ಜೋಲಿ ಕಟ್ಟಿ ಇಳಿಸಿದರು. ಕೊಟ್ಟ ದುಡ್ಡನ್ನೂ ಮುಟ್ಟಲಿಲ್ಲ. ಇವರ ಕಾಲಿನಲ್ಲಿ ಈಗಲೂ ಪ್ಲೇಟ್ ಇದೆ. ಅಂದಿನಿಂದ ಇವರು ಬೆಟ್ಟ ಹತ್ತಿಲ್ಲ. ಒಂದು ದಿನವೂ ನನ್ನನ್ನು ದೂರಿಲ್ಲ. ಅದೇ ಕಷ್ಟ.

ಸಾಮಾನಿನ ಪಟ್ಟಿಯಲ್ಲಿ ನನ್ನ ಸಹ್ಯಾದ್ರಿಯ ಅನುಭವ ಹೆಚ್ಚು ಕೆಲಸಕ್ಕೆ ಬರಲಿಲ್ಲ. ಇಲ್ಲಿ ನಾವು ಹತ್ತಿಯ ಕುರ್ತಾ ತೊಟ್ಟು ಹತ್ತುತ್ತೇವೆ, ಒದ್ದೆಯಾದರೆ ತಂಪು ಹಿತ. ಅಲ್ಲಿ ಒದ್ದೆ ಹತ್ತಿ ಮೈಯ ಕಾವನ್ನು ಹೀರಿಬಿಡುತ್ತದೆ. ಒಳಗೆ ಉಣ್ಣೆ ಅಥವಾ ಪಾಲಿಯೆಸ್ಟರ್, ಮೇಲೆ ಸ್ವೆಟರ್, ಅದರ ಮೇಲೆ ನೀರು-ಗಾಳಿ ತಡೆಯುವ ಜಾಕೆಟ್ಟು, ಪ್ಯಾಂಟು. ಮೇ ತಿಂಗಳಲ್ಲೂ ಕೈಗವಸು, ಟೊಪ್ಪಿಗೆ. ಸಾವಿರ ಮೀಟರು ಏರಿದರೆ ಸುಮಾರು ಆರೂವರೆ ಡಿಗ್ರಿ ಚಳಿ ಹೆಚ್ಚುತ್ತದೆ, ಗಾಳಿ ಬೀಸಿದರೆ ಅದರ ದುಪ್ಪಟ್ಟು ಅನ್ನಿಸುತ್ತದೆ. 935 ಮೀಟರು ಎಂದು ನಾನು ನಕ್ಕಿದ್ದು ಇದನ್ನು ಮರೆತು. ಆ ಬೆಟ್ಟ ನಿಂತಿರುವುದು ಭೂಮಧ್ಯರೇಖೆಯಿಂದ ಐವತ್ತಾರು ಡಿಗ್ರಿಗೂ ಮೀರಿ ಉತ್ತರದಲ್ಲಿ. ಅಲ್ಲಿ ಒಂಬೈನೂರು ಮೀಟರಿನ ಮೇಲೆ ಮರವಿಲ್ಲ, ಮರೆಯಿಲ್ಲ.

ಕಾಗದದ ನಕ್ಷೆ, ದಿಕ್ಸೂಚಿ, ತಲೆಗೆ ಕಟ್ಟುವ ಬ್ಯಾಟರಿ, ಸೀಟಿ. ಆಪತ್ತಿನಲ್ಲಿ ಒಂದು ನಿಮಿಷದಲ್ಲಿ ಆರು ಸಲ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಬೇಕು. ತುರ್ತು ಕರೆ 999. ಮೊದಲು ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಅನ್ನಬೇಕು. ಮೊದಲೇ ನೋಂದಾಯಿಸಿಕೊಂಡರೆ ಅದೇ ನಂಬರಿಗೆ ಮೆಸೇಜೂ ಕಳಿಸಬಹುದು, ಕರೆ ಹೋಗದಲ್ಲಿ ಮೆಸೇಜ್ ಹೋದೀತು. ಬರುವವರು ಸಂಬಳವಿಲ್ಲದ ಸ್ವಯಂಸೇವಕರು. ಊಟದ ಡಬ್ಬಿಯ ವಿಷಯದಲ್ಲಿ ಮಾತ್ರ ನನ್ನ ಮಾತು ನಡೆಯಿತು: ಪುಣೆಯಿಂದ ಒಯ್ದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಉಂಡಿ, ಥರ್ಮಾಸಿನಲ್ಲಿ ಚಹಾ. ಕಟಕ ರೊಟ್ಟಿ ಯಾವ ಹವೆಗೂ ಹೆದರುವುದಿಲ್ಲ.

ಇವರ ಪಾತ್ರವನ್ನು ಇವರೇ ಬರೆದುಕೊಂಡರು. ಸ್ಟೇಷನ್ನಿನ ಪಕ್ಕದಲ್ಲಿ ಸೀಸನ್ನಿನಲ್ಲಿ ತೆರೆದಿರುವ ಹೋಟೆಲೊಂದಿದೆ. ಅಲ್ಲಿ ಕೂತಿರುವುದು. ನಮ್ಮ ದಾರಿಯ ಪ್ರತಿ, ಬಟ್ಟೆಯ ಬಣ್ಣ, ಹೊಳ್ಳುವ ಹೊತ್ತು ಇವರ ಕಿಸೆಯಲ್ಲಿ. ಆರು ಗಂಟೆಗೂ ನಾವು ಕಾಣದಿದ್ದರೆ ಕರೆ ಮಾಡುವುದು. “ಕಂಟ್ರೋಲ್ ಆಫೀಸ್ ನಾನು” ಅಂದರು.

ಮೇ ಬಂತು, ಗ್ಲಾಸ್ಗೋ ತಲುಪಿದೆವು. ಮಂಗಳವಾರ ಸಂಜೆ ಮಗಳು ಲ್ಯಾಪ್‌ಟಾಪಿನಲ್ಲಿ ಬೆಟ್ಟಗಳ ಹವಾಮಾನ ವರದಿ ತೆರೆದಳು. ಅಲ್ಲಿ ಬೆಟ್ಟ ಹತ್ತುವವರಿಗೆಂದೇ ಬೇರೆ ವರದಿ ಬರುತ್ತದೆ. ಮಳೆ ಎಷ್ಟು ಅನ್ನುವುದರ ಜೊತೆಗೆ ಗಾಳಿ ನಿಮ್ಮನ್ನು ಏನು ಮಾಡುತ್ತದೆ, ಮೋಡವಿಲ್ಲದ ಮನ್ರೋ ಸಿಗುವ ಸಾಧ್ಯತೆ ಎಷ್ಟು ಎಂದೆಲ್ಲ ಬೇರೆ ಬೇರೆ ಸಾಲಿನಲ್ಲಿ ಬರೆದಿರುತ್ತಾರೆ. ಬುಧವಾರಕ್ಕೆ ಇದ್ದದ್ದು: ತುದಿಗಳಲ್ಲಿ ಗಂಟೆಗೆ 50 ಮೈಲಿಯ ಗಾಳಿ, ನಡೆಯುವುದು ಕಷ್ಟ, ಮಧ್ಯಾಹ್ನದ ಮೇಲೆ ಎಡೆಬಿಡದ ಮಳೆ.

ಕಿಟಕಿಯಾಚೆ ಗ್ಲಾಸ್ಗೋದಲ್ಲಿ ಬಿಸಿಲಿತ್ತು. ಚೀಲ ತುಂಬಿಯಾಗಿತ್ತು. ಟಿಕೆಟ್ ಬಂದಿತ್ತು. ನಾಲ್ಕು ತಿಂಗಳು ಕಾದಿದ್ದೆ. “ಸುಮ್ಮನ ಹೋಗಿ ನೋಡೋಣ, ಆಗದಿದ್ರ ಹೊಳ್ಳಿ ಬರೋಣ” ಅಂದೆ.

ಅಂದ ಮೇಲೆ ನನಗೇ ಕೇಳಿಸಿತು. ಅದೇ ಮಾತು, ಅಕ್ಷರ ಅಕ್ಷರ. ಇವರು ಏನೂ ಅನ್ನಲಿಲ್ಲ. ಚಹಾದ ಕಪ್ಪು ತೆಗೆದುಕೊಂಡು ಅಡುಗೆಮನೆಗೆ ಹೋಗಿ ತೊಳೆಯತೊಡಗಿದರು. ಎರಡೇ ಕಪ್ಪು, ಬಹಳ ಹೊತ್ತು ತೊಳೆದರು.

ಆ ರಾತ್ರಿ ನಾನು ಯೋಚಿಸಿದ್ದು ಇದನ್ನೇ. “ಆಗದಿದ್ದರೆ ಹೊಳ್ಳಿ ಬರೋಣ” ಅನ್ನುವುದು ಕೇಳಲು ಜಾಣ ಮಾತು. ಆದರೆ ಹೋದ ಮೇಲೆ ‘ಆಗುವುದಿಲ್ಲ’ ಅನ್ನುವುದು ಯಾರು, ಯಾವಾಗ? ಮೂರು ತಾಸು ರೈಲಿನಲ್ಲಿ ಕೂತು, ಕೆಸರು ತುಳಿದು, ಬೆವರಿಳಿಸಿ ಮುಕ್ಕಾಲು ಬೆಟ್ಟ ಏರಿದವರಿಗೆ ಆಗುವುದಿಲ್ಲ ಎಂದು ಹೇಳಲು ಬಾಯಿ ಬರುವುದಿಲ್ಲ. ದುಡ್ಡು, ರಜೆ, ಹಟ ಮೂರೂ ಬೆನ್ನ ಹಿಂದೆ ನಿಂತು ಮೇಲಕ್ಕೆ ನೂಕುತ್ತವೆ. ಹಾಗಾಗಿ ಆ ಮಾತನ್ನು ಮನೆಯಲ್ಲೇ ಹೇಳಿ ಮುಗಿಸಬೇಕು.

ಆ ಬಯಲಿನಲ್ಲೇ ನಡೆದ ಒಂದು ಹಳೆಯ ಕಥೆಯನ್ನು ಮಗಳು ಹೇಳಿದಳು. 1889ರ ಜನವರಿಯಲ್ಲಿ, ಇದೇ ರೈಲು ಮಾರ್ಗ ಹಾಕುವ ಮುಂಚೆ, ಜಾಗ ನೋಡಲೆಂದು ಏಳು ಜನ ದೊಡ್ಡ ಮನುಷ್ಯರು ರಾನಖ್ ಮೂರನ್ನು ನಡೆದು ದಾಟಲು ಹೊರಟರು. ಎಂಜಿನಿಯರುಗಳು, ಒಬ್ಬ ವಕೀಲ, ಒಬ್ಬ ಕಂಟ್ರಾಕ್ಟರ್, ಅರವತ್ತರ ಆಸುಪಾಸಿನ ಒಬ್ಬ ಹಿರಿಯ. ಪಟ್ಟಣದ ಬಟ್ಟೆ, ಒಬ್ಬರ ಕೈಯಲ್ಲಿ ಛತ್ರಿ. ಹಗಲು ಸಣ್ಣದು, ದಾರಿ ಉದ್ದ, ಮೇಲೆ ಹಿಮಮಳೆ. ಕತ್ತಲಾದ ಮೇಲೆ ಆ ಹಿರಿಯರು ಕುಸಿದರು, ಉಳಿದವರು ಚದುರಿದರು. ಒಬ್ಬರು ಕತ್ತಲಲ್ಲಿ ಬೇಲಿಗೆ ಎಡವಿ ಬಿದ್ದು, ಅದೇ ಬೇಲಿಯ ಜಾಡು ಹಿಡಿದು ಒಂದು ಮನೆ ಮುಟ್ಟಿದ್ದರಿಂದ ಎಲ್ಲರೂ ಬದುಕಿದರು. ಮುಂದೆ 1894ರಲ್ಲಿ ಮಾರ್ಗ ತೆರೆಯಿತು. ಕೆಸರಿನಲ್ಲಿ ಹಳಿ ಹುಗಿಯದಿರಲೆಂದು ಕಟ್ಟಿಗೆಯ ಹೊರೆ, ಹುಲ್ಲುಹೆಂಟೆ, ಮಣ್ಣು, ಬೂದಿ ಹಾಸಿ ಅದರ ಮೇಲೆ ತೇಲಿಸಿದ್ದಾರೆ. ದಾರಿ ಹಾಕುವಷ್ಟು ಬುದ್ಧಿ ಇದ್ದವರಿಗೂ ಒಂದು ದಿನದ ನಡಿಗೆಯ ಲೆಕ್ಕ ತಪ್ಪಿತ್ತು.

ಬುಧವಾರ ನಾವು ಹೋಗಲಿಲ್ಲ. ಗ್ಲಾಸ್ಗೋದಲ್ಲಿ ಸಂಜೆಯವರೆಗೂ ಮಳೆ ಬರಲಿಲ್ಲ. ಕಿಟಕಿ ನೋಡಿದಾಗಲೆಲ್ಲ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಇವರು ಮಗಳ ಮನೆಯ ನಲ್ಲಿ ರಿಪೇರಿ ಮಾಡಿದರು. ರಾತ್ರಿ ಅನ್ನ ಸಾರು ಬಡಿಸುವಾಗ “ನಾಳೆ ಹವಾ ಚೊಲೋ ಅದ” ಎಂದರು, ಇಷ್ಟೇ.

ಗುರುವಾರದ ನಡಿಗೆಯ ಬಗ್ಗೆ ಹೇಳುವುದು ಕಡಿಮೆ. ಯೋಜನೆ ಸರಿಯಾಗಿದ್ದರೆ ಕಥೆ ಹುಟ್ಟುವುದಿಲ್ಲ. ರೈಲು ನಮ್ಮನ್ನಿಳಿಸಿ ಹೋದಾಗ ಆ ಪ್ಲಾಟ್‌ಫಾರ್ಮಿನ ಸುತ್ತ ಎಂಥ ನಿಶ್ಶಬ್ದ! ಇವರು ಸಿಗ್ನಲ್ಲು, ಹಳಿ ಎಲ್ಲ ಒಮ್ಮೆ ತಪಾಸಣೆ ಮಾಡಿ, ಕಿಟಕಿ ಪಕ್ಕದ ಟೇಬಲ್ ಹಿಡಿದರು. ನಾವು ಗಾಡಿ ಜಾಡಿನಲ್ಲಿ ಲಾಖ್ ಆಸಿಯನ್ ಕೆರೆಯ ಕಡೆ ನಡೆದೆವು. ಕೆರೆಯ ತುದಿಯಲ್ಲಿ ಪೈನ್ ಮರಗಳ ನಡುವೆ ಪುಟ್ಟ ಹಾಸ್ಟೆಲು. ಹಿಂದೆ ಶ್ರೀಮಂತ ಅತಿಥಿಗಳು ಆಚೆ ದಡದ ಬೇಟೆ ಬಂಗಲೆಗೆ ಹೋಗುವ ಉಗಿದೋಣಿಗಾಗಿ ಕಾಯುತ್ತಿದ್ದ ಮನೆಯಂತೆ ಅದು. ಅದಕ್ಕೆ ಮುಂಚೆಯೇ ಎಡಕ್ಕೆ ತಿರುಗಿ, ಜಾಡು ಬಿಟ್ಟು, ಕೆಸರು ದಾಟಿ ಏರು. ನಾಟಿ ಗದ್ದೆಗೆ ಇಳಿದ ಹಾಗೆ ಕಾಲು ಹೂತುಹೋಗುವ ಜಾಗಗಳಿದ್ದವು. ಕಪ್ಪು ಮಣ್ಣಿನಿಂದ ಹಳೆಯ ಪೈನ್ ಮರಗಳ ಬೇರು ಮೂಳೆಯಂತೆ ಬೆಳ್ಳಗೆ ಎದ್ದು ನಿಂತಿದ್ದವು. ದಿಣ್ಣೆಯ ಬೆನ್ನು ಸಿಕ್ಕ ಮೇಲೆ ನಡಿಗೆ ಸಲೀಸು, ಆದರೆ ಮೋಡ ಇಳಿದು ಮಗಳ ಕೆಂಪು ಜಾಕೆಟ್ಟು ಬಿಟ್ಟರೆ ಬೇರೇನೂ ಕಾಣದಾಯಿತು. ದಿಕ್ಸೂಚಿ ಹಿಡಿದು ಈಶಾನ್ಯಕ್ಕೆ ನಡೆದೆವು. 14:20ಕ್ಕೆ ಕಲ್ಲಿನ ಗುಪ್ಪೆ ಕಾಲಿಗೇ ಸಿಕ್ಕಿತು. ಅದೇ ತುದಿ.

ರೊಟ್ಟಿ ಮುರಿಯುವಾಗ ನಾಲ್ಕೈದು ನಿಮಿಷ ಮೋಡ ಹರಿಯಿತು. ಕೆಳಗೆ ಕೆರೆ, ಅದರಾಚೆ ರಾನಖ್ ಮೂರಿನ ನೂರಾರು ನೀರಿನ ತುಣುಕುಗಳು ಒಡೆದ ಕನ್ನಡಿಯಂತೆ. ಮತ್ತೆ ಮುಚ್ಚಿತು. ಮಗಳು ಗಡಿಯಾರ ನೋಡಿ “ಇನ್ನೂ ಹತ್ತು ನಿಮಿಷ ಅದ ಅಮ್ಮ, ಮತ್ತ ತೆರೀಬಹುದು” ಅಂದಳು. ಬೇಡ ಅಂದು ನಾನೇ ಮೊದಲು ಎದ್ದೆ.

ಸ್ಟೇಷನ್ನಿನ ಬಳಿ ಇವರು ಹೊರಗೇ ನಿಂತಿದ್ದರು. ನಮ್ಮನ್ನು ನೋಡಿದವರೇ ಕಿಸೆಯಿಂದ ಚೀಟಿ ತೆಗೆದು ಬರೆದುಕೊಂಡರು. ಆಮೇಲೆ ಇಣುಕಿ ನೋಡಿದೆ: “ಆಗಮನ 16:52. 12 ನಿಮಿಷ ತಡ. ಕಾರಣ: ಕೆಸರು.”

ರೈಲಿಗೆ ಇನ್ನೂ ಒಂದೂವರೆ ತಾಸು ಇತ್ತು. ಚಹಾ ಕುಡಿದಾದ ಮೇಲೆ ಇವರು ಕಿಟಕಿಯಾಚೆ ನೋಡುತ್ತ ಕೇಳಿದರು, “ಆ ಕೆರೀತನಕ ರಸ್ತಾ ಸಪಾಟ ಅದ ಏನು?”

“ಸಪಾಟ ಅದರಿ. ಒಂದೂವರೆ ಕಿಲೋಮೀಟರ್.”

ಇವರು ಎದ್ದು ಶೂ ಲೇಸು ಬಿಗಿ ಮಾಡಿಕೊಂಡರು. ಏಳು ವರ್ಷದಲ್ಲಿ ನಾನು ಅದನ್ನು ನೋಡಿರಲಿಲ್ಲ. ನನಗೆ ಮೊಣಕಾಲು ನೋಯುತ್ತಿತ್ತು, ಮಾತಾಡದೆ ಎದ್ದೆ. ಚೀಟಿಯನ್ನು ನನ್ನ ಕೈಗೆ ಕೊಟ್ಟರು. ಹಿಂಬದಿಯಲ್ಲಿ 17:40 ಎಂದು ಬರೆದೆ.

ಜಾಡಿನಲ್ಲಿ ನಿಧಾನ ನಡೆದೆವು, ಇವರ ಕೈ ನನ್ನ ಭುಜದ ಮೇಲೆ. ಐದೂನಲವತ್ತಕ್ಕೆ ಕೆರೆ ಇನ್ನೂ ಮುಂದಿತ್ತು, ಬೆಳ್ಳಗೆ ಹೊಳೆಯುವುದು ಮಾತ್ರ ಕಾಣುತ್ತಿತ್ತು. ಇವರು ನಿಂತು ಅದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಇಬ್ಬರೂ ಹೊಳ್ಳಿದೆವು.